ಒಂದೇ ಪದರದ ರೇಷ್ಮೆ, ಎರಡೂ ಬದಿ ಎಣ್ಣೆಬಣ್ಣ: ಟ್ರೇನ್ಡ್ ಬ್ಯಾಂಡ್ ಬಾವುಟ ಮಾಡಿದ ನನ್ನ ಅನುಭವ

17ನೆಯ ಶತಮಾನದ ಇಂಗ್ಲಿಷ್ ಅಂತರ್ಯುದ್ಧದಲ್ಲಿ ರಾಜನ ವಿರುದ್ಧ ಪಾರ್ಲಿಮೆಂಟಿನ ಪರ ನಿಂತ ನಾಗರಿಕ ಸೈನ್ಯವಾದ ಲಂಡನ್ ಟ್ರೇನ್ಡ್ ಬ್ಯಾಂಡ್‌ಗಳ ಬಾವುಟವನ್ನು ಒಂದೇ ಪದರದ ರೇಷ್ಮೆಯಲ್ಲಿ ಹೊಲಿದು, ಎರಡೂ ಬದಿಗೆ ಎಣ್ಣೆಬಣ್ಣದಲ್ಲೇ ಲಾಂಛನ ಬರೆದು, ಇಂಗ್ಲೆಂಡಿನ ಗಾಳಿಮಳೆಯಲ್ಲಿ ಬೀಸಿದರೂ ಬಟ್ಟೆ ಸೀಳದಂತೆ ಉಳಿಸಿಕೊಳ್ಳಬಹುದು ಎಂದು ನಾನು ಹೇಳಿದಾಗ, ಹಳೆಯ ಯುದ್ಧಗಳನ್ನು ಮೈದಾನದಲ್ಲಿ ಮರುನಟಿಸುವ ನಮ್ಮ ರೀಎನ್ಯಾಕ್ಟ್‌ಮೆಂಟ್ ಬಳಗದಲ್ಲಿ ನಂಬಿದವರು ಇಬ್ಬರೋ ಮೂವರೋ ಇದ್ದರು. ಎಣ್ಣೆ ರೇಷ್ಮೆಯನ್ನು ತಿಂದುಹಾಕುತ್ತದೆ, ಬಣ್ಣದ ಅಂಚಿನಲ್ಲೇ ಬಟ್ಟೆ ಬಿರಿಯುತ್ತದೆ, ಪಾಲಿಯೆಸ್ಟರ್ ಮೇಲೆ ತುಂಡು ಹೊಲಿದರೆ ಸಾಕು ಎಂಬುದು ಉಳಿದವರ ಮಾತು. ಆ ಬಾವುಟ ಈಗ ಎರಡು ಬೇಸಿಗೆಗಳನ್ನು ಮೈದಾನದಲ್ಲಿ ಕಳೆದಿದೆ, ಎಲ್ಲಿಯೂ ಬಿರಿದಿಲ್ಲ. ಆದ್ದರಿಂದ ಈ ಕೆಲಸ ಬಲ್ಲವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಆರಿಸಿಕೊಂಡದ್ದು ಆರೆಂಜ್ ರೆಜಿಮೆಂಟ್. 1642ರಲ್ಲಿ ಲಂಡನ್ ನಗರದ ನಾಗರಿಕ ಸೈನ್ಯವನ್ನು ಕೆಂಪು, ಬಿಳಿ, ಹಳದಿ, ನೀಲಿ, ಹಸಿರು, ಕಿತ್ತಳೆ ಎಂದು ಆರು ರೆಜಿಮೆಂಟ್‌ಗಳಾಗಿ, ಒಟ್ಟು 40 ಕಂಪನಿಗಳಾಗಿ ಮಾಡಿದ್ದರು. ಕಂಪನಿಗೆ ಒಂದರಂತೆ ಬಾವುಟ ಇತ್ತು. ಕರ್ನಲ್‌ನ ಬಾವುಟ ಬರಿಯ ಬಣ್ಣದ್ದು. ಲೆಫ್ಟಿನೆಂಟ್ ಕರ್ನಲ್‌ನ ಬಾವುಟದ ಮೇಲ್ಮೂಲೆಯಲ್ಲಿ ಸೇಂಟ್ ಜಾರ್ಜ್ ಶಿಲುಬೆಯ ಚೌಕ. ಮೇಜರ್‌ನದರಲ್ಲಿ ಆ ಚೌಕದ ಕೆಳಮೂಲೆಯಿಂದ ಹೊರಡುವ ಅಲೆಅಲೆಯ ಪಟ್ಟೆ. ಕ್ಯಾಪ್ಟನ್‌ಗಳಿಗೆ ಅದೇ ಚೌಕದ ಜೊತೆಗೆ ಅವರ ಹಿರಿತನದ ಕ್ರಮದಲ್ಲಿ ಒಂದು, ಎರಡು, ಮೂರು ಲಾಂಛನಗಳು. 1672ರಲ್ಲಿ ಥಾಮಸ್ ವೆನ್ ಸೈನ್ಯದ ಶಿಸ್ತಿನ ಕುರಿತ ತನ್ನ ಪುಸ್ತಕದಲ್ಲಿ ಈ ಕ್ರಮವನ್ನು ಅಚ್ಚಿನಲ್ಲಿ ಹೇಳಿದ್ದಾನೆ. ರಾಜನ ಪಕ್ಷದ ರಿಚರ್ಡ್ ಸೈಮಂಡ್ಸ್ 1643ರ ಲಂಡನ್ ರೆಜಿಮೆಂಟ್‌ಗಳ ವಿವರವನ್ನು ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟದ್ದು ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಆರೆಂಜ್ ರೆಜಿಮೆಂಟ್‌ನ ಲಾಂಛನ ಬಿಳಿಯ ತ್ರಿದಳ. ನಾನು ಎರಡು ತ್ರಿದಳಗಳ ಬಾವುಟವನ್ನು ಮಾಡಿದೆ, ಏಕೆಂದರೆ ಮೂರು ಎಲೆ ಸೇರುವ ಇಕ್ಕಟ್ಟಿನ ಜಾಗದಲ್ಲೇ ಎಣ್ಣೆ ಹರಡುವುದು ಹೆಚ್ಚು, ಅಲ್ಲಿ ಗೆದ್ದರೆ ಉಳಿದದ್ದೆಲ್ಲ ಸುಲಭ.

ಪಾಲಿಯೆಸ್ಟರ್ ಬೇಡವೆಂದು ನಾನು ಹಟ ಹಿಡಿದದ್ದು ನೋಟದ ಕಾರಣಕ್ಕಷ್ಟೇ ಅಲ್ಲ. ಆ ಕಾಲದ ಕಾಲಾಳು ಬಾವುಟ ಸುಮಾರು ಆರೂವರೆ ಅಡಿ ಚೌಕದ್ದು. ಕೋಲಿನಲ್ಲಿ ಬಟ್ಟೆಯ ಕೆಳಗೆ ಉಳಿಯುವುದು ಕೈ ಹಿಡಿಯುವಷ್ಟು ಜಾಗ ಮಾತ್ರ. ಬಾವುಟ ಹಿಡಿಯುವ ಅಧಿಕಾರಿ, ಅಂದರೆ ಎನ್ಸೈನ್, ಅದನ್ನು ಒಂದೇ ಕೈಯಲ್ಲಿ ಎತ್ತಿ ಬೀಸಬೇಕು. ಎರಡು ಪದರದ ಹೊಲಿದ ಬಾವುಟ ಕೋಲು ಬಿಟ್ಟು ಮುಕ್ಕಾಲು ಕಿಲೋ ಮೀರುತ್ತದೆ, ನೆನೆದರೆ ಇನ್ನೂ ಭಾರ, ಹತ್ತು ನಿಮಿಷದಲ್ಲಿ ಮಣಿಕಟ್ಟು ಸೋಲುತ್ತದೆ. ನನ್ನದು ಬಣ್ಣ ಸೇರಿಯೂ 400 ಗ್ರಾಂ ಒಳಗಿದೆ. ನ್ಯೂಬರಿ ಯುದ್ಧದಲ್ಲಿ, ವಾಶ್ ಕಾಮನ್ ಬಯಲಿನಲ್ಲಿ 1643ರ ಸೆಪ್ಟೆಂಬರ್ 20ರಂದು ಕೆಂಪು ಮತ್ತು ನೀಲಿ ರೆಜಿಮೆಂಟ್‌ಗಳು ಫಿರಂಗಿ ಗುಂಡಿಗೂ ರಾಜನ ಪಕ್ಷದ ರಾಜಕುಮಾರ ರೂಪರ್ಟ್‌ನ ಕುದುರೆ ದಳಕ್ಕೂ ಎದೆಯೊಡ್ಡಿ ಗಂಟೆಗಟ್ಟಲೆ ನಿಂತಾಗ ಅವರ ಎನ್ಸೈನ್‌ಗಳ ಕೈಯಲ್ಲಿದ್ದ ಬಾವುಟ ಹೀಗೆ ಹಗುರವಾಗಿ ಇರದಿದ್ದರೆ ಅಷ್ಟು ಹೊತ್ತು ಎತ್ತಿಹಿಡಿಯಲು ಆಗುತ್ತಿರಲಿಲ್ಲ ಎಂಬುದು ಬೀಸಿ ನೋಡಿದ ನನ್ನ ದೃಢ ಅಭಿಪ್ರಾಯ.

ಬಟ್ಟೆಯ ವಿಷಯದಲ್ಲಿ ಹಣ ಹೋದದ್ದು ಹೆಚ್ಚು. ಇಲ್ಲಿ ಇಂಗ್ಲೆಂಡಿನ ಒಬ್ಬ ವ್ಯಾಪಾರಿ ಶುದ್ಧ ರೇಷ್ಮೆ ಟ್ಯಾಫೆಟಾ (ಗರಿಗರಿಯಾದ ತೆಳು ಬಟ್ಟೆ) ಎಂದು ಮೀಟರಿಗೆ 28 ಪೌಂಡ್‌ನಂತೆ ಕಳಿಸಿದ್ದರಲ್ಲಿ ಹಾಸು ಮಾತ್ರ ರೇಷ್ಮೆ, ಹೊಕ್ಕು ಪಾಲಿಯೆಸ್ಟರ್. ಎಳೆ ಬಿಡಿಸಿ ಸುಟ್ಟು ನೋಡಿದಾಗ ಒಂದು ಕೂದಲು ಸುಟ್ಟ ವಾಸನೆ ಕೊಟ್ಟು ಪುಡಿಯಾಯಿತು, ಇನ್ನೊಂದು ಕರಗಿ ಗಟ್ಟಿ ಮಣಿಯಾಯಿತು. ಹಣ ವಾಪಸ್ ಬರಲಿಲ್ಲ. ಆಮೇಲೆ ಊರಿನ ನೆಂಟರ ಮೂಲಕ ದೊಡ್ಡಬಳ್ಳಾಪುರದ ಒಬ್ಬ ಮಗ್ಗದವರನ್ನು ಹಿಡಿದೆ. ನನಗೆ ಬೇಕಿದ್ದದ್ದು 22 ಇಂಚು ಪನ್ನದ ಬಟ್ಟೆ, ಎರಡೂ ಕಡೆ ನೇಯ್ದ ಅಂಚಿರಬೇಕು, ಗಂಜಿ ಹಾಕಬಾರದು, ಬಣ್ಣ ಹಾಕಬಾರದು. ದೊಡ್ಡ ಪನ್ನದ ಬಟ್ಟೆಯನ್ನು ಸೀಳಿದರೆ ಅಂಚು ಮಡಿಚಿ ಹೊಲಿಯಬೇಕಾಗುತ್ತದೆ, ಆ ದಪ್ಪ ಗೆರೆ ಗಾಳಿಯಲ್ಲಿ ಬಾವುಟವನ್ನು ಮುರಿದಂತೆ ತೋರಿಸುತ್ತದೆ. ನೇಯ್ದ ಅಂಚಿಗೆ ಅಂಚು ತಾಗಿಸಿ ಹೊಲಿದರೆ ಬಟ್ಟೆ ಒಂದೇ ಎನ್ನುವಂತೆ ಅಲೆಯಾಡುತ್ತದೆ. 25 ಮೀಟರಿಗಿಂತ ಕಡಿಮೆಗೆ ಮಗ್ಗ ಹೂಡುವುದಿಲ್ಲ ಎಂದರು. ಮೀಟರಿಗೆ 700 ರೂಪಾಯಿ ಆಸುಪಾಸು, ಕೊರಿಯರ್, ಇಲ್ಲಿನ ಸುಂಕ ಮತ್ತು ತೆರಿಗೆ ಸೇರಿ 250 ಪೌಂಡ್ ದಾಟಿತು. ಒಂದು ಬಾವುಟಕ್ಕೆ ಎಂಟು ಮೀಟರಿಗೂ ತುಸು ಹೆಚ್ಚು ಬೇಕು.

ಗಿಡಗಳಿಂದ ಬಣ್ಣ ಕಟ್ಟುವುದು ಈ ಕೆಲಸಕ್ಕೆ ಅಗತ್ಯವೇ ಇರಲಿಲ್ಲ, ಆಸಿಡ್ ಡೈ ಎಂಬ ರಾಸಾಯನಿಕ ಬಣ್ಣ ಸಾಕಿತ್ತು. ಆದರೂ ಪಟಿಕದಲ್ಲಿ ನೆನೆಸಿ, ಮೊದಲು ವೆಲ್ಡ್ ಗಿಡದ ಹಳದಿ, ಅದರ ಮೇಲೆ ಮ್ಯಾಡರ್ ಬೇರಿನ ಕೆಂಪು ಹಾಕಿ ಕಿತ್ತಳೆ ತೆಗೆಯಲು ಕೆಲವು ವಾರ ಕಳೆದೆ. ಮ್ಯಾಡರ್ ನಮ್ಮ ಮಂಜಿಷ್ಠದ ಹತ್ತಿರದ ಸಂಬಂಧಿ; ಮನೆಯಲ್ಲಿ ಮಂಜಿಷ್ಠ ಇತ್ತು, ಅದನ್ನೂ ಒಂದು ತುಂಡಿಗೆ ಹಾಕಿ ನೋಡಿದೆ. ಬಂದದ್ದು ಚೆಲುವಾದ ಹವಳದ ಬಣ್ಣ, ಆದರೆ ಕಿತ್ತಳೆಯಲ್ಲ. ಮ್ಯಾಡರ್ ನೀರು 70 ಡಿಗ್ರಿ ದಾಟಿದರೆ ಕಂದು ತಿರುಗುತ್ತದೆ, ಇದು ಎಲ್ಲರಿಗೂ ತಿಳಿದದ್ದೇ. ನಾಲ್ಕು ಪಟ್ಟಿಗಳನ್ನೂ ಒಂದೇ ಹಂಡೆಯಲ್ಲಿ ಒಟ್ಟಿಗೆ ಅದ್ದದಿದ್ದರೆ ಬಾವುಟದಲ್ಲಿ ನಾಲ್ಕು ಬಗೆಯ ಕಿತ್ತಳೆ ಕಾಣುತ್ತದೆ. ಅಷ್ಟು ದೊಡ್ಡ ಸ್ಟೀಲ್ ಹಂಡೆಗೆ ಕೊಟ್ಟದ್ದು ಬಟ್ಟೆಯ ಅರ್ಧ ಬೆಲೆ.

ಇನ್ನು ಚಿತ್ರಣ. ಟ್ಯೂಬಿನ ಬಣ್ಣವನ್ನು ನೇರ ರೇಷ್ಮೆಗೆ ಹಚ್ಚಿದ ಮೊದಲ ತುಂಡುಗಳಲ್ಲಿ ಮರುದಿನವೇ ತ್ರಿದಳದ ಸುತ್ತ ಅರ್ಧ ಇಂಚಿನ ಕಡುಕಲೆ ಹರಡಿತ್ತು. ಅದು ಅಗಸೆ ಎಣ್ಣೆ ಎಳೆಗುಂಟ ನಡೆದುಹೋದ ಜಾಡು. ಇಡೀ ಬಟ್ಟೆಗೆ ಜೆಲಟಿನ್ ಹಚ್ಚಿ ನೋಡಿದೆ; ಕಲೆ ನಿಂತಿತು, ಆದರೆ ರೇಷ್ಮೆ ಕಾಗದವಾಗಿ, ಮಡಿಕೆ ಬಿದ್ದಲ್ಲೆಲ್ಲ ಬಿಳಿ ಗೆರೆ ಎದ್ದಿತು, ಟ್ಯಾಫೆಟಾದ ಸರಸರ ಸದ್ದೂ ಸತ್ತಿತು. ಬಿಳಿಗೆ ಸತುವಿನ ಬಣ್ಣ ಬಳಸಿದ ತುಂಡು ಆರು ತಿಂಗಳಲ್ಲಿ ಗಾಜಿನ ಹಾಗೆ ಪೆಡಸಾಗಿ ಸಿಡಿಯಿತು. ಆ ಕಾಲದವರು ಬಳಸಿದ ಸೀಸದ ಬಿಳಿ ಬಾಗುವ ಗುಣದ್ದು, ಅದರ ಸಮಕ್ಕೆ ಯಾವುದೂ ಇಲ್ಲ. ಮನೆಯಲ್ಲಿ ಮಕ್ಕಳಿರುವುದರಿಂದ ನಾನು ಅದನ್ನು ಒಳಗೆ ತರಲಿಲ್ಲ. ಟೈಟಾನಿಯಂ ಬಿಳಿಯಲ್ಲೇ ಮುಂದುವರಿದೆ.

ಕೊನೆಗೆ ಗೆದ್ದ ಕ್ರಮ ಇದು. ಬಣ್ಣವನ್ನು ಹೀರುಕಾಗದದ ಮೇಲೆ ಇಡೀ ರಾತ್ರಿ ಬಿಟ್ಟು ಹೆಚ್ಚಿನ ಎಣ್ಣೆಯನ್ನು ತೆಗೆಯಬೇಕು. ಬೆಳಿಗ್ಗೆ ಕಾಗದದ ಮೇಲೆ ಅಗಲವಾದ ಹಳದಿ ವರ್ತುಲ ಕಾಣದಿದ್ದರೆ ಕಾಗದ ಬದಲಿಸಿ ಇನ್ನೊಂದು ರಾತ್ರಿ ಬಿಡಬೇಕು. ಚೌಕಟ್ಟಿಗೆ ಬಿಗಿದ ರೇಷ್ಮೆಯಲ್ಲಿ ಲಾಂಛನದ ರೇಖೆಯೊಳಗೆ ಮಾತ್ರ, ರೇಖೆಗಿಂತ ಕೂದಲೆಳೆಯಷ್ಟು ಹೊರಗೆ ಬರುವಂತೆ, ತೆಳುವಾದ ಸರೇಸು (ಅಂಟು) ಹಚ್ಚಬೇಕು. ಸರೇಸು ಬಾಗುವಂತಿರಲು ಅದಕ್ಕೆ ನಾನು ಬೆರೆಸುವ ವಸ್ತು ಯಾವುದು, ಎಷ್ಟು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನನ್ನ ಎರಡು ಚಳಿಗಾಲಗಳು ಖರ್ಚಾಗಿವೆ, ಸದ್ಯ ಅದು ನನ್ನ ಬಳಿಯೇ ಇರಲಿ. ಬಣ್ಣ ಎರಡು ತೆಳು ಪದರ ಸಾಕು, ಹಿಂದಿನ ಬೆಳಕು ತುಸು ತೂರಿಬರುವಷ್ಟು. ಗಟ್ಟಿಯಾಗಿ ಬಳಿದವರ ಬಾವುಟಗಳೇ ಬಣ್ಣದ ಅಂಚಿನಲ್ಲಿ ಸೀಳಿದ್ದನ್ನು ನಾನು ನೋಡಿದ್ದೇನೆ, ಏಕೆಂದರೆ ಅಲ್ಲಿ ಗಟ್ಟಿ ಭಾಗ ನಿಂತು ಮೆದು ಭಾಗ ಹೊಡೆದಾಡುತ್ತದೆ. ಒಂದು ಬದಿ ಮೂರು ವಾರ ಒಣಗಿದ ಮೇಲೆ ತಿರುಗಿಸಿ, ತೂರಿ ಕಾಣುವ ರೇಖೆಯ ಮೇಲೇ ಇನ್ನೊಂದು ಬದಿಯನ್ನು ತುಂಬಬೇಕು. ಅಂಚನ್ನು ಒಂದೇ ಉಸಿರಿನಲ್ಲಿ ಎಳೆಯುವ ಕುಂಚದ ವಿಷಯವೂ ಒಂದಿದೆ, ಅದನ್ನು ಕೈಯಲ್ಲಿ ತೋರಿಸಬಹುದೇ ಹೊರತು ಬರೆದು ಹೇಳಲಾಗದು.

ಸೇಂಟ್ ಜಾರ್ಜ್ ಚೌಕವನ್ನು ಬಣ್ಣದಲ್ಲಿ ಬರೆಯಲಿಲ್ಲ. ಕಿತ್ತಳೆ ಬಟ್ಟೆಯ ಮೂಲೆಯನ್ನು ಕತ್ತರಿಸಿ ತೆಗೆದು, ಬಿಳಿ ರೇಷ್ಮೆಗೆ ಕೆಂಪು ಶಿಲುಬೆ ಕೂಡಿಸಿ ಆ ಜಾಗದಲ್ಲೇ ಸೇರಿಸಿದೆ. ಮೇಲೆ ಹೊಲಿದದ್ದಲ್ಲವಾದ್ದರಿಂದ ಎರಡೂ ಕಡೆ ಒಂದೇ ಸಮ ಕಾಣುತ್ತದೆ, ತೂಕವೂ ಸೇರುವುದಿಲ್ಲ.

ಮೊದಲ ಬೇಸಿಗೆಯ ಎರಡನೆಯ ಪ್ರದರ್ಶನದಲ್ಲೇ ಜೋರು ಮಳೆ ಬಂತು. ಪಾಲಿಯೆಸ್ಟರ್ ಬಾವುಟಗಳು ಕೋಲಿಗೆ ಸುತ್ತಿಕೊಂಡು ನಿಂತಾಗ ನನ್ನದು ಹತ್ತು ನಿಮಿಷದ ಗಾಳಿಗೆ ಒಣಗಿ ಮತ್ತೆ ಸದ್ದು ಮಾಡಿತು. ಪೈಕ್ ಎಂಬ ಉದ್ದನೆಯ ಈಟಿ ಹಿಡಿದವರ ನಡುವೆ ನಿಂತಿದ್ದ ನಮ್ಮ ಎನ್ಸೈನ್, ಹಿಂದೆ ಎಲ್ಲರಿಗಿಂತ ಹೆಚ್ಚು ಸಂದೇಹಪಟ್ಟವರೇ, ಸಂಜೆ ಬಂದು ತ್ರಿದಳದ ಅಂಚನ್ನು ಉಗುರಿನಿಂದ ಕೆರೆದು ನೋಡಿ, ತಮಗೂ ಒಂದು ಬೇಕೆಂದು ಹೇಳಿ ಹೋದರು.

ಸಾಮಾನಿನ ಲೆಕ್ಕದಲ್ಲಿ ಬಟ್ಟೆಗೆ 80, ಬಣ್ಣ ಮತ್ತು ಸರೇಸಿಗೆ 40, ಆಶ್ ಮರದ ಕೋಲು ಮತ್ತು ತುದಿಯ ಲೋಹಕ್ಕೆ 60 ಪೌಂಡ್ ಸುಮಾರು ಆಗುತ್ತದೆ. ಕೈಕೆಲಸ 70 ಗಂಟೆಗೆ ಕಡಿಮೆಯಿಲ್ಲ. ಎನ್ಸೈನ್‌ಗೆ ಮಾಡಿಕೊಟ್ಟದ್ದಕ್ಕೆ 480 ಪೌಂಡ್ ತೆಗೆದುಕೊಂಡೆ. ಪ್ರಯೋಗಗಳಲ್ಲಿ ಕಳೆದದ್ದು ಇದರಿಂದ ಇನ್ನೂ ತುಂಬಿಲ್ಲ, ಇನ್ನೆರಡು ಬಾವುಟ ಮಾರಿದರೆ ತುಂಬೀತು. ಕೊಂಡವರಿಗೆ ನಾನು ಹಾಕುವ ಷರತ್ತು ಒಂದೇ: ಬಾವುಟವನ್ನು ಮಡಿಚಬಾರದು, ದಪ್ಪ ಕೊಳವೆಗೆ ಸುತ್ತಿ, ಬಣ್ಣದ ಮೇಲೆ ತೆಳು ಹತ್ತಿಬಟ್ಟೆ ಹಾಸಿ ಇಡಬೇಕು. ಉಳಿದ ರೇಷ್ಮೆಯಲ್ಲಿ ಇದೇ ರೆಜಿಮೆಂಟ್‌ನ ಮೇಜರ್ ಬಾವುಟವನ್ನು ಈಗ ಚೌಕಟ್ಟಿಗೆ ಬಿಗಿದಿದ್ದೇನೆ. ಅಲೆಪಟ್ಟೆಯ ತುದಿ ಎರಡು ಹೊಲಿಗೆಗಳನ್ನು ದಾಟಿ ಹೋಗುವುದರಿಂದ ಅಲ್ಲಿ ಸರೇಸನ್ನು ಬೇರೆ ರೀತಿಯಲ್ಲಿ ಹಚ್ಚಬೇಕಾಗಿದೆ.