ಕರುಮ್ ಅನ್ನಬೇಕು ಮಾಲ್ಟು

ಮನೆಯಲ್ಲಿ ಬಿಯರ್ ಮಾಡುವುದನ್ನು ನಾನು ಕಲಿತದ್ದು ಇಂಗ್ಲೆಂಡಿನ ರೆಡಿಂಗ್‌ಗೆ ಬಂದ ಮೇಲೆ. ಇಲ್ಲಿ 1963ರಿಂದ ಮನೆಬಳಕೆಗೆ ಮಾಡಿಕೊಳ್ಳಲು ಲೈಸೆನ್ಸ್ ಬೇಕಿಲ್ಲ, ಮಾರುವಂತಿಲ್ಲ ಅಷ್ಟೇ. ಕರ್ನಾಟಕದಲ್ಲಿ ಹಾಗಲ್ಲ, ಲೈಸೆನ್ಸ್ ಇಲ್ಲದೆ ಮಾಡುವುದು ತಪ್ಪು.

ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳು, ಸಾಮಾನ್ಯವಾಗಿ ಬಾರ್ಲಿ. ಊಟಕ್ಕೆ ಅನ್ನ ಹೇಗೋ ಬಿಯರಿಗೆ ಬೇಸ್ ಮಾಲ್ಟ್, ಅಂದರೆ ಮೂಲ ಮಾಲ್ಟ್, ಹಾಗೆ. ನಾನು ಮಾಡುವ ಬಿಯರಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಅದೇ. ಅಮ್ಮ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸುತ್ತಿದ್ದರಲ್ವಾ, ಬಾರ್ಲಿಗೂ ಅದೇ ಕೆಲಸ. ಆದರೆ ಅಮ್ಮ ಕೊನೆಗೆ ಹುರಿಯುತ್ತಿದ್ದರು. ಬೇಸ್ ಮಾಲ್ಟನ್ನು ಹುರಿಯುವುದಿಲ್ಲ, ಹದವಾದ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವಗಳು ಕಾಳಿನಲ್ಲಿ ಉಳಿಯಬೇಕು, ಅದಕ್ಕೆ.

ಮೊದಲ ಸಲ ನಾನು 25 ಕೆ.ಜಿ. ಚೀಲ ತಂದೆ, ಒಡೆಸಿದ್ದೇ. ಕೆಲಸ ಕಡಿಮೆ ಎಂದುಕೊಂಡೆ. ಬಾಯಿ ಮಡಚಿ ಗ್ಯಾರೇಜಿನಲ್ಲಿಟ್ಟೆ. ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸಿ ತೆಗೆದ ಸಿಹಿ ರಸ ಎಷ್ಟು ಗಟ್ಟಿ ಎಂದು ಹೈಡ್ರೋಮೀಟರ್ ಹೇಳುತ್ತದೆ, ಸಕ್ಕರೆ ಹೆಚ್ಚಿದ್ದಷ್ಟೂ ಅಂಕಿ ಹೆಚ್ಚು. 4.5 ಕೆ.ಜಿ. ಹಾಕಿ 23 ಲೀಟರ್ ಮಾಡಿದಾಗ ಅದು 1.041 ತೋರಿಸಿತು. ನಾಲ್ಕನೇ ತಿಂಗಳು ಅಷ್ಟೇ ಮಾಲ್ಟ್, ಅಷ್ಟೇ ನೀರು, ಬಂದದ್ದು 1.036. ಥರ್ಮಾಮೀಟರ್ ಬದಲಿಸಿದೆ, ನೀರು ಬದಲಿಸಿದೆ. ಏನೂ ಸರಿಹೋಗಲಿಲ್ಲ. ಒಂದು ದಿನ ನಾಲ್ಕು ಚೂರು ಬಾಯಿಗೆ ಹಾಕಿಕೊಂಡೆ. ಮಳೆಗಾಲದಲ್ಲಿ ಡಬ್ಬ ಮುಚ್ಚದೆ ಬಿಟ್ಟ ಮಂಡಕ್ಕಿಯಂತೆ ಮೆತ್ತಗೆ! ಒಳ್ಳೆ ಮಾಲ್ಟಿನಲ್ಲಿ ತೇವ ನೂರಕ್ಕೆ ಮೂರು ನಾಲ್ಕು ಪಾಲು ಮಾತ್ರ ಇರುತ್ತದೆ. ಒಡೆದ ಕಾಳು ಗಾಳಿಯ ತೇವವನ್ನು ಬೇಗ ಹೀರಿಕೊಳ್ಳುತ್ತದೆ. ಉಳಿದದ್ದು ಪಕ್ಕದ ಮನೆಯ ಕೋಳಿಗಳಿಗೆ ಹೋಯಿತು.

ಅಂದಿನಿಂದ ಇಡೀ ಕಾಳನ್ನೇ ತರುತ್ತೇನೆ. ರಬ್ಬರ್ ಪಟ್ಟಿಯ ಮುಚ್ಚಳವಿರುವ ಡ್ರಮ್ಮಿಗೆ ಸುರಿದು, ಮೇಲೆ ತಾರೀಕು ಬರೆಯುತ್ತೇನೆ. ಬಿಯರ್ ಮಾಡುವ ಬೆಳಿಗ್ಗೆಯೇ ಒಡೆಯುವುದು. ಅದಕ್ಕೆ ಎರಡು ರೋಲರ್‌ಗಳ ಕೈಗಿರಣಿ ಕೊಂಡೆ, ನಡುವೆ 1.1 ಮಿ.ಮೀ. ಸಂದು ಇಟ್ಟಿದ್ದೇನೆ. ಕಾಳು ನುಚ್ಚಾಗಬೇಕು, ಹಿಟ್ಟಾಗಬಾರದು, ಹೊಟ್ಟು ಆದಷ್ಟೂ ಇಡಿಯಾಗಿ ಉಳಿಯಬೇಕು. ಆಮೇಲೆ ರಸ ಸೋಸುವುದು ಆ ಹೊಟ್ಟಿನ ಹಾಸಿಗೆಯೇ. ಮಿಕ್ಸಿಗೆ ಮಾತ್ರ ಹಾಕಬೇಡಿ. ಹೊಟ್ಟು ಪುಡಿಯಾಗಿ ಪಾತ್ರೆಯಲ್ಲಿ ಅಂಟು ಗಂಜಿ ಕಟ್ಟಿಕೊಳ್ಳುತ್ತದೆ, ನಲ್ಲಿಯಿಂದ ಹನಿ ಇಳಿಯುವುದಿಲ್ಲ. ಬಿಯರಿಗೆ ಒಗರು ಬೇರೆ.

4.5 ಕೆ.ಜಿ. ನುಚ್ಚಿಗೆ 12 ಲೀಟರ್ ನೀರು, 75 ಡಿಗ್ರಿ ಬಿಸಿ. ಕಲಸಿದಾಗ 67ಕ್ಕೆ ನಿಲ್ಲುತ್ತದೆ. ಕಂಬಳಿ ಸುತ್ತಿ ಒಂದು ಗಂಟೆ ಬಿಡುತ್ತೇನೆ. 64ರಲ್ಲಿಟ್ಟರೆ ಬಿಯರ್ ತೆಳು, 69ರಲ್ಲಿ ಬಾಯಿ ತುಂಬುತ್ತದೆ. ಬಿಳಿ ತಟ್ಟೆಯಲ್ಲಿ ಒಂದು ಹನಿ ರಸಕ್ಕೆ ಅಯೋಡಿನ್ ಬಿಟ್ಟು ನೋಡಿ. ನೀಲಿ ಕಪ್ಪಾದರೆ ಪಿಷ್ಟ ಇನ್ನೂ ಉಳಿದಿದೆ, ಕಾಯಬೇಕು.

ಯಾವ ಮಾಲ್ಟ್? ನನ್ನ ಕೈ ಹೋಗುವುದು ಮಾರಿಸ್ ಆಟರ್‌ಗೆ. 1960ರ ದಶಕದಲ್ಲಿ ಕೇಂಬ್ರಿಜ್‌ನಲ್ಲಿ ಬೆಳೆಸಿದ ಬಾರ್ಲಿ ತಳಿ ಅದು. ಜಾಸ್ತಿ ಇಳುವರಿಯ ತಳಿಗಳು ಬಂದಾಗ ರೈತರು ಇದನ್ನು ಬಿಡುತ್ತಾ ಬಂದರು. ಬೆಲೆ ಹೆಚ್ಚು. ಆದರೆ ಬಿಸಿನೀರು ಬಿದ್ದ ಕೂಡಲೇ ಅಡುಗೆಮನೆ ತುಂಬಾ ಬಿಸ್ಕತ್ತು ಬೇಯುವ ಘಮ. ಬಿಟರ್ ಎಂಬ ಇಂಗ್ಲಿಷ್ ಬಿಯರ್ ಮಾಡುವಾಗ ಇದೇ ಬೇಕು. ಸ್ಟೌಟ್ ಎಂಬ ಕಪ್ಪು ಬಿಯರಿಗೆ ಸುಮ್ನೆ ದುಡ್ಡು ದಂಡ, ಹುರಿದ ಮಾಲ್ಟಿನ ಕೆಳಗೆ ಆ ರುಚಿ ಮುಚ್ಚಿಹೋಗುತ್ತದೆ. ಅಲ್ಲಿ ಸಾದಾ ಪೇಲ್ (ತಿಳಿ ಬಣ್ಣದ) ಬೇಸ್ ಮಾಲ್ಟ್ ಸಾಕು.

ಈಗ ತೂಗುವ ಮೊದಲು ಎರಡು ಕಾಳು ಕಡಿದು ನೋಡುತ್ತೇನೆ. ಕರುಮ್ ಅನ್ನಬೇಕು, ನಾಲಿಗೆಗೆ ಸಿಹಿ ಹತ್ತಬೇಕು. ಕಳೆದ ಚೀಲ ಏಳು ತಿಂಗಳು ಬಂತು. ಐದನೇ ಸಲ ಮಾಡಿದಾಗಲೂ 1.041.