ಯುರೋಪಿಗೆ ಬೋಲ್ಟು ಕಳಿಸ್ತೀರಾ? ಕಾರ್ಬನ್ ತೆರಿಗೆ ಲೆಕ್ಕ ಹೀಗೆ ಹಾಕಿ

ಪೀಣ್ಯದಲ್ಲೋ ಬೆಳಗಾವಿಯಲ್ಲೋ ಕೂತು ಯುರೋಪಿಗೆ ಮಾಲು ಕಳಿಸುವವರು ಮೊದಲು ಇನ್‌ವಾಯ್ಸ್ ಮೇಲಿನ ಎಚ್ಎಸ್ ಕೋಡ್, ಅಂದ್ರೆ ಸುಂಕದವರು ಸರಕು ಗುರುತಿಸುವ ಸಂಖ್ಯೆ, ನೋಡಿ. ಆಮದು ಮಾಲು ತಯಾರಾಗುವಾಗ ಬಿಟ್ಟ ಹೊಗೆಗೆ ಐರೋಪ್ಯ ಒಕ್ಕೂಟ ಹಾಕುವ ಕಾರ್ಬನ್ ಗಡಿ ತೆರಿಗೆ, ಅಂದ್ರೆ ಸಿಬ್ಯಾಮ್, 2026ರ ಜನವರಿ 1ರಿಂದ ಪೂರ್ತಿ ಜಾರಿಯಾಗಿದೆ. ಉಕ್ಕು ಅದರ ಪಟ್ಟಿಯಲ್ಲಿದೆ, ಆದರೆ ಉಕ್ಕಿನ ಮಾಲೆಲ್ಲ ಇಲ್ಲ. ಬೋಲ್ಟು, ನಟ್ಟು, ಸ್ಕ್ರೂ 7318ರಲ್ಲಿ ಬರುತ್ತವೆ, ಸಿಕ್ಕಿಬೀಳುತ್ತವೆ. ಅದೇ ಸರಳಿನಿಂದ ಕಡೆದ ಶಾಫ್ಟು 8483ಕ್ಕೆ ಹೋದರೆ ಸದ್ಯಕ್ಕೆ ಬಚಾವ್. ಪಟ್ಟಿ ಬೆಳೆಸುವ ಪ್ರಸ್ತಾವವೂ ಇದೆ, ನೆನಪಿರಲಿ.

ಆಮೇಲೆ ಗಿರಾಕಿಯನ್ನು ಕೇಳಿ: ವರ್ಷಕ್ಕೆ ಒಟ್ಟು ಎಷ್ಟು ಟನ್ ತರಿಸ್ತೀರಿ? 50 ಟನ್ ದಾಟದಿದ್ದರೆ ತೆರಿಗೆಯೇ ಇಲ್ಲ. ಈ 50 ನಿಮ್ಮ ಮಾಲಿನ ಲೆಕ್ಕ ಅಲ್ಲ, ಅವನು ಎಲ್ಲಾ ದೇಶಗಳಿಂದ ತರಿಸುವ ಪಟ್ಟಿಯ ಸರಕಿನ ಲೆಕ್ಕ.

ಈಗ ದುಡ್ಡಿನ ಮಾತು. ಮೊದಲ ವರ್ಷ ಹೊಗೆಯ ಬರೀ 2.5%ಕ್ಕೆ ತೆರಿಗೆ ಅಂತ ಬಹಳ ಜನ ಹೇಳ್ತಾರೆ, ಅದು ಅರ್ಧ ಸತ್ಯ. 2.5% ಕಡಿತ ಆಗುವುದು ಯುರೋಪು ಆ ಸರಕಿಗೆ ಗೊತ್ತುಮಾಡಿದ ಹೊಗೆಯ ಮಾನದಂಡದವರೆಗಿನ ರಿಯಾಯಿತಿಯಲ್ಲಿ ಮಾತ್ರ, ಅದರ ಮೇಲಿನ ಹೊಗೆಗೆ ಈಗಿನಿಂದಲೇ ಪೂರ್ತಿ ಬೆಲೆ. ನಿಮ್ಮ ಬೋಲ್ಟಿನ ಪ್ರತಿ ಟನ್ನಿಗೆ 2.5 ಟನ್ ಇಂಗಾಲದ ಡೈಆಕ್ಸೈಡ್, ಮಾನದಂಡ 1.4, ಹೊಗೆಯ ಬೆಲೆ ಟನ್ನಿಗೆ 75 ಯೂರೋ ಅಂತ ಇಟ್ಕೊಳ್ಳಿ. 1.4ರಲ್ಲಿ 2.5% ತೆಗೆದರೆ 1.365, ಅದನ್ನು 2.5ರಿಂದ ಕಳೆದರೆ 1.135, ಅದಕ್ಕೆ 75ರಂತೆ ಬೋಲ್ಟಿನ ಟನ್ನಿಗೆ ಸುಮಾರು 85 ಯೂರೋ. ಕಟ್ಟುವವನು ಆಮದುದಾರ, ಸರಿ. ಆದರೆ ಮುಂದಿನ ಆರ್ಡರಿನಲ್ಲಿ ರೇಟು ಇಳಿಸಿ ಅಂತ ಕೂರುವವನೂ ಅವನೇ ಅಲ್ವಾ?

ಇದರಲ್ಲಿ ನಿಮ್ಮ ಕಾರ್ಖಾನೆಯ ಹೊಗೆ ಬಹಳ ಕಮ್ಮಿ, ಹೆಚ್ಚಿನದೆಲ್ಲ ಉಕ್ಕಿನ ಜೊತೆಗೇ ಬಂದದ್ದು. ಹಾಗಾಗಿ ಉಕ್ಕಿನ ಜೊತೆ ಬರುವ ಮಿಲ್ ಟೆಸ್ಟ್ ಸರ್ಟಿಫಿಕೇಟಿನ ಹೀಟ್ ನಂಬರ್ (ಯಾವ ಎರಕದ ಉಕ್ಕು ಅಂತ ಹೇಳುವ ಸಂಖ್ಯೆ) ಹಿಡಿದು, ಈ ಸರಳು ಊದುಕುಲುಮೆಯದೋ ಗುಜರಿ ಕರಗಿಸುವ ವಿದ್ಯುತ್ ಕುಲುಮೆಯದೋ ಅಂತ ಮಿಲ್ಲಿನವರನ್ನೇ ಕೇಳಿ ಬರೆಸಿಕೊಳ್ಳಿ. ಗುಜರಿಯದಾದರೆ ಲೆಕ್ಕ ಎಷ್ಟೋ ಇಳಿಯುತ್ತದೆ. ಛಾವಣಿಗೆ ಸೋಲಾರ್ ಹಾಕಿದರೆ ಸಿಬ್ಯಾಮ್ ಇಳಿಯುತ್ತೆ ಅಂತ ಯಾರಾದರೂ ಮಾರಲು ಬಂದರೆ ಸುಮ್ನೆ ಕಳಿಸಿ: ಉಕ್ಕಿನ ಲೆಕ್ಕದಲ್ಲಿ ಕರೆಂಟಿನ ಹೊಗೆ ಸೇರುವುದಿಲ್ಲ.

ಮಿಲ್ಲಿನವರು ಅಂಕಿ ಕೊಡದಿದ್ದರೆ ಯುರೋಪೇ ನಿಗದಿ ಮಾಡಿದ ಡಿಫಾಲ್ಟ್ ಅಂಕಿ ಬರುತ್ತದೆ. ಅದರ ಮೇಲೆ 2026ರಲ್ಲಿ 10%, 2027ರಲ್ಲಿ 20%, ಆಮೇಲೆ 30% ಜಾಸ್ತಿ. ಆದರೂ ನೀವು ಕಳಿಸುವುದೇ ನಾಲ್ಕೈದು ಟನ್ ಆದರೆ, ಸ್ವಂತ ಅಂಕಿಯನ್ನು ವೆರಿಫೈಯರ್ ಹತ್ತಿರ ಪರೀಕ್ಷೆ ಮಾಡಿಸುವ ಖರ್ಚಿಗಿಂತ ಡಿಫಾಲ್ಟೇ ಅಗ್ಗ ಅನ್ನುವುದು ನನ್ನ ಲೆಕ್ಕ.

ಈ ತೆರಿಗೆ ಕಟ್ಟಲು ಆಮದುದಾರ ಸಿಬ್ಯಾಮ್ ಸರ್ಟಿಫಿಕೇಟ್ ಕೊಳ್ಳಬೇಕು; 2026ರ ಮಾಲಿಗೆ ಅದರ ಮಾರಾಟ ಶುರುವಾಗುವುದು 2027ರ ಫೆಬ್ರವರಿಯಲ್ಲಿ. ಮಾಲು ಹೋಗಿ, ಹಣ ಬಂದು, ಎಷ್ಟೋ ತಿಂಗಳ ಮೇಲೆ ಗಿರಾಕಿ ಬಿಲ್ಲು ಹಿಡಿದು ಬರಬಹುದು. ಆ ಖರ್ಚು ಯಾರದ್ದು ಅಂತ ಈಗಲೇ ಪಿಒದಲ್ಲಿ (ಪರ್ಚೇಸ್ ಆರ್ಡರಿನಲ್ಲಿ) ಬರೆಸಿ.