ಅಂಚೆ ಕಾರ್ಡಿನಲ್ಲಿ ನಮ್ಮ ಮಕ್ಕಳ ಆಟ-ಪಾಠ

"ನಿನ್ನ ಹವ್ಯಾಸ ಏನು?" ಅಂತ ಐದನೇ ಕ್ಲಾಸಿನ ಮಗುವನ್ನು ಕೇಳಿ ನೋಡಿ. "ಪುಸ್ತಕ ಓದುವುದು, ಚಿತ್ರ ಬಿಡಿಸುವುದು" ಅನ್ನುತ್ತದೆ. ಪಕ್ಕದಲ್ಲಿ ಕೂತ ಮಗುವೂ ಅದನ್ನೇ ಹೇಳುತ್ತದೆ. ಆ ಪ್ರಶ್ನೆಗೆ ಯಾವ ಉತ್ತರ ಕೊಟ್ಟರೆ ಟೀಚರ್ ತಲೆಯಾಡಿಸುತ್ತಾರೆ ಅಂತ ಅವರಿಗೆ ಗೊತ್ತಿದೆ. ಅದೇ ಮಗುವನ್ನು "ನಿನ್ನೆ ಸ್ಕೂಲ್ ಬಿಟ್ಟಮೇಲೆ ಕತ್ತಲಾಗೋ ತನಕ ಎಲ್ಲಿದ್ದೆ, ಯಾರ ಜೊತೆ ಇದ್ದೆ?" ಅಂತ ಕೇಳಿ. ಗದ್ದೆ ಬದುವಿನ ಬಿಲದಿಂದ ಏಡಿ ಎಳೆದದ್ದು, ಸೀಬೆ ಮರದಿಂದ ಜಾರಿ ಮೊಣಕಾಲು ತರಚಿಕೊಂಡದ್ದು, ತಮ್ಮನನ್ನು ಕಟ್ಟೆ ಮೇಲೆ ಕೂರಿಸಿ ಕುಂಟೆಬಿಲ್ಲೆ ಆಡಿದ್ದು, ಎಲ್ಲ ಹೊರಗೆ ಬರುತ್ತದೆ.

ನಾನು ಮೂಡಿಗೆರೆ ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಒಂದರಿಂದ ಐದನೇ ತರಗತಿ, ನಾವು ಇಬ್ಬರೇ ಶಿಕ್ಷಕರು. ಅರ್ಧದಷ್ಟು ಮಕ್ಕಳು ಕಾಫಿ ತೋಟದ ಲೈನ್ ಮನೆಗಳಿಂದ ಬರುತ್ತಾರೆ. ಕೆಲವರ ಮನೆಮಾತು ತುಳು, ಕೆಲವರದು ತಮಿಳು. ಈಚೆಗೆ ತೋಟದ ಕೆಲಸಕ್ಕೆ ಅಸ್ಸಾಂನಿಂದ ಬಂದ ಕುಟುಂಬಗಳ ಮಕ್ಕಳೂ ಇದ್ದಾರೆ. ಈ ಮಕ್ಕಳು ತರಗತಿಯಲ್ಲಿ ಏನು ಮಾಡುತ್ತಾರೆ, ಬಿಡುವಿನಲ್ಲಿ ಏನು ಆಡುತ್ತಾರೆ ಅನ್ನುವುದನ್ನು ಅವರ ಬಾಯಲ್ಲೇ ಹೇಳಿಸಿ, ಅವರ ಕೈಯಲ್ಲೇ ಬರೆಸಿ, ಬೇರೆ ಊರಿನ ಮಕ್ಕಳಿಗೆ ಕಳಿಸುತ್ತಾ ಬಂದಿದ್ದೇನೆ. ಬೇರೆ ಊರು ಅಂದರೆ ಹಾಸನ ಜಿಲ್ಲೆಯ ಅರಸೀಕೆರೆ ಕಡೆಯ ಒಂದು ಹಳ್ಳಿ. ನನ್ನ ಜೊತೆ ಡಿ.ಎಡ್. ಓದಿದ ಗೆಳತಿ ಅಲ್ಲಿ ಟೀಚರ್. ನಮ್ಮದು ಮಳೆ, ತೋಟ, ಜಿಗಣೆಯ ಊರು. ಅವರದು ತೆಂಗು, ರಾಗಿ, ಬಿಸಿಲಿನ ಊರು. ಎರಡೂ ಕಡೆಯ ಮಕ್ಕಳಿಗೆ ಹೇಳುವುದಕ್ಕೂ ಕೇಳುವುದಕ್ಕೂ ಬೇಕಾದಷ್ಟು ಇರುತ್ತದೆ ಅಂತ ನಮ್ಮಿಬ್ಬರಿಗೂ ಅನ್ನಿಸಿತ್ತು.

ಬರೆಸುವ ಮೊದಲು ಮಾತಾಡಿಸಬೇಕು. ಬೆಳಿಗ್ಗೆ ಪ್ರಾರ್ಥನೆ, ಪೇಪರ್ ಓದುವುದು ಮುಗಿದ ಮೇಲೆ ದಿನಕ್ಕೆ ಮೂರು ಮಕ್ಕಳಿಗೆ ಸಮಯ. ನಿಯಮ ಒಂದೇ: ತಾವು ಆಡುವ, ಮಾಡುವ ವಸ್ತುವನ್ನು ಕೈಯಲ್ಲಿ ಹಿಡಿದು ತರಬೇಕು. ಬುಗುರಿ, ಗೋಲಿ, ಕುಂಟೆಬಿಲ್ಲೆಯ ಬಿಲ್ಲೆ, ಉದುರಿದ ಹಕ್ಕಿಗರಿ, ಏನಾದರೂ ಸರಿ. ಕೈ ಖಾಲಿ ಇದ್ದ ಮಗು ನೆಲ ನೋಡುತ್ತಾ ನಿಲ್ಲುತ್ತದೆ. ಕೈಯಲ್ಲಿ ವಸ್ತು ಇದ್ದರೆ ಅದನ್ನು ತೋರಿಸುವ ಭರದಲ್ಲಿ ನಾಚಿಕೆ ಮರೆಯುತ್ತದೆ.

ಐದನೇ ಕ್ಲಾಸಿನ ಹುಡುಗನೊಬ್ಬ ಪೆಟ್ಲು ತಂದಿದ್ದ. ತರಗತಿಯಲ್ಲಿ ಬಾಯಿ ಬಿಡುವವನೇ ಅಲ್ಲ. ಒಂದು ಗೇಣು ಉದ್ದದ ಬಿದಿರಿನ ಕೊಳವೆ, ಅದರೊಳಗೆ ಓಡಾಡುವ ಒಂದು ಕೋಲು, ಜೇಬಿನಲ್ಲಿ ಒಂದು ಹಿಡಿ ಹಸಿರು ಕಾಯಿ. ಮೊದಲ ಕಾಯಿಯನ್ನು ಕೋಲಿನಿಂದ ಕೊಳವೆಯ ತುದಿವರೆಗೆ ತಳ್ಳಿ ಅಲ್ಲೇ ಬಿಟ್ಟ. ಎರಡನೆಯದನ್ನು ಹಿಂದಿನಿಂದ ಹಾಕಿ ಒಂದೇ ಏಟಿಗೆ ತಳ್ಳಿದ. ಪಟ್ ಅಂತ ಸದ್ದಾಯಿತು, ಮುಂದಿನ ಕಾಯಿ ಹೋಗಿ ಬೋರ್ಡಿಗೆ ಬಡಿಯಿತು. ಎಲ್ಲರೂ ಹೋ ಅಂದರು. ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು, "ಕೋಲು ಮುಂದಿನ ಕಾಯಿಗೆ ಮುಟ್ಟಲೇ ಇಲ್ವಲ್ಲ ಅಣ್ಣ, ಮತ್ತೆ ಅದು ಹೆಂಗೆ ಹಾರ್ತು?" ಅಂದಳು. ಅವನು ಕೊಳವೆಯನ್ನು ತಿರುಗಿಸಿ ನೋಡಿದ. "ಎರಡು ಕಾಯಿ ಮಧ್ಯ ಗಾಳಿ ಸಿಕ್ಕಾಕ್ಕೊಂಡಿರುತ್ತೆ. ಹಿಂದಿಂದು ಒತ್ತಿದ್ರೆ ಅದಕ್ಕೆ ಜಾಗ ಸಾಲಲ್ಲ. ಮುಂದಿಂದನ್ನ ನೂಕ್ಕೊಂಡು ಹೊರಗೆ ಹೋಗುತ್ತೆ" ಅಂದ. ಆಮೇಲೆ ತಾನಾಗಿಯೇ ಇನ್ನೊಂದು ಸೇರಿಸಿದ: ಕೋಲು ಕೊಳವೆಗಿಂತ ಒಂದು ಕಾಯಿಯಷ್ಟು ಗಿಡ್ಡ ಇರಬೇಕು, ಇಲ್ಲದಿದ್ದರೆ ಎರಡನೇ ಕಾಯೂ ಬಿದ್ದುಹೋಗುತ್ತೆ, ಮತ್ತೆ ಮೊದಲಿಂದ ಎರಡು ಹಾಕಬೇಕಾಗುತ್ತೆ.

ಗಾಳಿಗೆ ಒತ್ತಡ ಇದೆ ಅಂತ ನಾನು ಬೋರ್ಡಿನ ಮೇಲೆ ಬರೆದು ಹೇಳಿದ್ದರೆ ಇಷ್ಟು ಗಟ್ಟಿಯಾಗಿ ಯಾರ ತಲೆಯಲ್ಲೂ ಕೂರುತ್ತಿರಲಿಲ್ಲ. ಮನೆಯ ಆಟವನ್ನು ತರಗತಿಯೊಳಗೆ ಬಿಟ್ಟುಕೊಂಡರೆ ಪಾಠದ ಸಮಯ ಹಾಳಾಗುತ್ತದೆ ಅನ್ನುವವರು ಇದ್ದಾರೆ. ನಾನು ಒಪ್ಪುವುದಿಲ್ಲ.

ಕೇಳುವ ಮಕ್ಕಳಿಗೂ ಒಂದು ಕೆಲಸ ಕೊಡುತ್ತೇನೆ. ಹೇಳಿದ ಮಗುವಿಗೆ ಮೂರು ಜನ ಪ್ರಶ್ನೆ ಕೇಳಬೇಕು. "ಚೆನ್ನಾಗಿದೆ" ಅನ್ನುವುದು ಪ್ರಶ್ನೆಯಲ್ಲ. "ಅದನ್ನ ಯಾರು ಕಲಿಸಿದ್ರು?", "ಸೋತವರಿಗೆ ಏನು ಮಾಡ್ತೀರಿ?", "ಮಳೆ ಬಂದ್ರೆ ಎಲ್ಲಿ ಆಡ್ತೀರಿ?", ಹೀಗೆ. ಮುಂದೆ ಬರೆಯುವಾಗ ಈ ಪ್ರಶ್ನೆಗಳೇ ಅವರ ಕೈ ಹಿಡಿಯುತ್ತವೆ.

ಜುಲೈನಲ್ಲಿ ಇದೆಲ್ಲ ನಡೆಯುವುದು ಕಷ್ಟ. ನಮ್ಮದು ಶೀಟಿನ ಮಾಡು. ಮಳೆ ಜೋರಾದರೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸುವುದಿಲ್ಲ. ಅಂಥ ದಿನ ಚಿತ್ರ. ಒಂದರಿಂದ ಮೂರನೇ ತರಗತಿಗೆ ನಲಿ-ಕಲಿ ಇರುವುದರಿಂದ ಅಲ್ಲಿ ಇದಕ್ಕೆ ಬೇರೆ ಏರ್ಪಾಡು ಬೇಕಾಗಲೇ ಇಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗಳಿಗೂ ಬಂತು. ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪಾಗಿ ಕೂತು, ಪಾಠದ ಕಾರ್ಡು ಹಿಡಿದು, ಏಣಿಯ ಮೆಟ್ಟಿಲು ಹತ್ತಿದ ಹಾಗೆ ತಮ್ಮ ವೇಗದಲ್ಲಿ ಕಲಿಯುತ್ತಾರೆ. ತಲೆ ಮೇಲೆ ಕಲಿಕಾ ಚಪ್ಪರದ ದಾರಗಳಿವೆ. ಮಕ್ಕಳು ಬಿಡಿಸಿದ ಚಿತ್ರಗಳನ್ನು ಅಲ್ಲೇ ತೂಗು ಹಾಕುತ್ತೇವೆ.

ಚಿಕ್ಕವರು ಬಿಡಿಸುತ್ತಾರೆ, ನಾನು ಪಕ್ಕದಲ್ಲಿ ಕೂತು "ಇದು ಏನು?" ಅಂತ ಕೇಳಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ಕೆಳಗೆ ಬರೆಯುತ್ತೇನೆ. "ಇದು ನಮ್ಮ ನಾಯಿ. ಇದ್ರ ಹೊಟ್ಟೆಯಲ್ಲಿ ಮರಿ ಐತೆ." ಇದನ್ನು "ನಮ್ಮ ನಾಯಿಯು ಗರ್ಭಿಣಿಯಾಗಿದೆ" ಅಂತ ತಿದ್ದಿದರೆ ಆ ಮಗು ತನ್ನ ಮಾತನ್ನು ಅಲ್ಲಿ ಗುರುತಿಸುವುದೇ ಇಲ್ಲ. ತಾನು ಹೇಳಿದ್ದೇ ಅಕ್ಷರವಾಗಿ ಕಂಡರೆ ಬೆರಳಿಟ್ಟು ಓದಲು ನೋಡುತ್ತದೆ, ಅಲ್ವಾ? ಅಸ್ಸಾಂನ ಹುಡುಗಿಗೆ ಆಗ ಕನ್ನಡ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ. ಅವಳು ದೋಣಿ, ಅಗಲವಾದ ನದಿ ಬಿಡಿಸಿದಳು. ಹೆಸರು ಹೇಳಲು ಬಾರದೆ ಕೈಯಲ್ಲಿ ಹುಟ್ಟು ಹಾಕಿ ತೋರಿಸಿದಳು. ಉಳಿದವರು "ದೋಣಿ, ದೋಣಿ" ಅಂತ ಕೂಗಿ ಹೇಳಿಕೊಟ್ಟರು. ನಮ್ಮ ಹೇಮಾವತಿ ಹುಟ್ಟುವುದು ಇದೇ ತಾಲ್ಲೂಕಿನಲ್ಲಿ. ಇಲ್ಲಿ ಅದು ಇನ್ನೂ ಸಣ್ಣ ಹೊಳೆ. ಅಷ್ಟು ದೊಡ್ಡ ನದಿ ಇರುತ್ತಾ ಅಂತ ಇವರಿಗೆಲ್ಲ ಆಶ್ಚರ್ಯ.

ಇನ್ನು ಕಾರ್ಡಿನ ವಿಷಯ. ವಾಟ್ಸ್‌ಆಪ್‌ನಲ್ಲಿ ಫೋಟೋ ಕಳಿಸುವುದು ಸುಲಭ, ನಿಜ. ಆದರೆ ಅದು ಟೀಚರಿಂದ ಟೀಚರಿಗೆ ಹೋಗುತ್ತದೆ, ಮಕ್ಕಳ ಕೈಗೆ ಸಿಗುವುದಿಲ್ಲ. 50 ಪೈಸೆಯ ಅಂಚೆ ಕಾರ್ಡು ಮಗುವಿನ ಕೈಯಿಂದ ಹೊರಟು ಇನ್ನೊಂದು ಮಗುವಿನ ಕೈಗೇ ಸೇರುತ್ತದೆ. ಕಾರ್ಡಿನ ಅಳತೆ 14 ಸೆಂಟಿಮೀಟರ್ ಉದ್ದ, 9 ಸೆಂಟಿಮೀಟರ್ ಅಗಲ. ಮುಂಭಾಗದ ಬಲ ಅರ್ಧ ವಿಳಾಸಕ್ಕೆ ಹೋಗುತ್ತದೆ. ಹಾಗಾಗಿ ಜಾಸ್ತಿ ಬರೆಯಬೇಕಲ್ಲ ಅನ್ನುವ ಭಯ ಮಗುವಿಗೆ ಇರುವುದಿಲ್ಲ. ಎರಡು ಗೆರೆ ಬರೆಯುವವನಿಗೂ ಅದು ತುಂಬಿದ ಹಾಗೆ ಕಾಣುತ್ತದೆ. ಹಳೇ ನೋಟ್‌ಬುಕ್ಕಿನ ಹಾಳೆಯನ್ನು ಅದೇ ಅಳತೆಗೆ ಕತ್ತರಿಸಿ ಮೊದಲು ಅದರಲ್ಲಿ ಬರೆಸುತ್ತೇನೆ, ಆಮೇಲೆ ಕಾರ್ಡಿಗೆ ಇಳಿಸುತ್ತಾರೆ. ಆ ಅಳತೆ ತೆಗೆಯುವ ಕೆಲಸ ನಾಲ್ಕನೇ ಕ್ಲಾಸಿನವರದು. ಸ್ಕೇಲಿನಲ್ಲಿ ಸೊನ್ನೆಯಿಂದ ಅಳೆಯಬೇಕು, ಒಂದರಿಂದ ಅಲ್ಲ ಅನ್ನುವುದನ್ನು ಅವರು ಕಲಿತದ್ದು ಇಲ್ಲಿಯೇ.

ವಿಳಾಸ ಬರೆಯುವ ದಿನ ಪಿನ್ ಕೋಡ್ ಪಾಠ. ಮೂಡಿಗೆರೆಯದು 577132, ಅರಸೀಕೆರೆಯದು 573103. "ಮಿಸ್, ಎರಡೂ 57ರಿಂದಲೇ ಶುರುವಾಗುತ್ತೆ" ಅಂತ ಒಬ್ಬಳು ಕಂಡುಹಿಡಿದಳು. ಮೊದಲ ಅಂಕಿ 5 ಅಂದರೆ ಕರ್ನಾಟಕ, ಆಂಧ್ರ, ತೆಲಂಗಾಣದ ಭಾಗ, ಈ ಪದ್ಧತಿ ಬಂದದ್ದು 1972ರ ಆಗಸ್ಟ್ 15ಕ್ಕೆ ಅಂತ ಹೇಳಿದೆ. ಮಾರನೇ ದಿನ ಮಕ್ಕಳು ಬಿಸ್ಕತ್ತಿನ ಪೊಟ್ಟಣ, ಸೋಪಿನ ಕವರ್ ಹಿಡಿದುಕೊಂಡು ಬಂದರು. ಎಲ್ಲದರ ಮೇಲೂ ಪಿನ್ ಕೋಡ್ ಇದೆಯಂತೆ. ಆ ಇಡೀ ಬೆಳಿಗ್ಗೆ ಅದಕ್ಕೇ ಹೋಯಿತು.

ಅರಸೀಕೆರೆಯ ಉತ್ತರಗಳು ಬಂದ ದಿನ ಗಲಾಟೆಯೋ ಗಲಾಟೆ. ಅಲ್ಲಿಯ ಹುಡುಗನೊಬ್ಬನಿಗೆ ಗೂಡ್ಸ್ ರೈಲಿನ ಡಬ್ಬ ಎಣಿಸುವುದೇ ಇಷ್ಟದ ಆಟ. ಅರಸೀಕೆರೆ ಜಂಕ್ಷನ್. ಬೆಂಗಳೂರು-ಹುಬ್ಬಳ್ಳಿ ದಾರಿಯೂ ಹಾಸನ-ಮೈಸೂರಿನ ದಾರಿಯೂ ಅಲ್ಲಿ ಸೇರುತ್ತವೆ. ಅವನ ಮನೆ ಹಿಂದೆಯೇ ಹಳಿ. "58 ಡಬ್ಬ ಎಣಿಸಿದೆ, ನೀವು ಎಷ್ಟು ಎಣಿಸಿದ್ದೀರಿ?" ಅಂತ ಬರೆದಿದ್ದ. ಮೂಡಿಗೆರೆಗೆ ರೈಲೇ ಇಲ್ಲ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ರೈಲು ನೋಡಿದ್ದು ಮೊಬೈಲಿನಲ್ಲಿ ಮಾತ್ರ. ಅದಕ್ಕೆ ನಮ್ಮವರು ಪ್ರಶ್ನೆಗಳನ್ನೇ ಬರೆದು ಕಳಿಸಿದರು. ಡಬ್ಬದೊಳಗೆ ಏನಿರುತ್ತೆ? ಹಿಂದಿನ ಡಬ್ಬದಲ್ಲಿ ಯಾರು ಕೂರ್ತಾರೆ? ರಾತ್ರಿ ಸದ್ದಿಗೆ ನಿದ್ದೆ ಬರುತ್ತಾ? ಅಲ್ಲಿಯ ಮಕ್ಕಳಿಗೆ ಬೇಕಾದದ್ದು ಒಂದೇ ವಿಷಯ: ಆನೆ ನೋಡಿದ್ದೀರಾ? ನಮ್ಮ ಹುಡುಗಿ ಬರೆದದ್ದು ಹೀಗೆ: "ಆನೆ ನಾನು ನೋಡಿಲ್ಲ. ಲದ್ದಿ ನೋಡಿದ್ದೀನಿ. ಬಾಳೆ ಮುರಿದು ಹೋಗಿದೆ. ಆನೆ ಬಂದ ದಿನ ಅಪ್ಪ ಸ್ಕೂಲಿಗೆ ಬಿಡ್ತಾರೆ, ಒಬ್ಬಳೇ ಬರೋ ಹಾಗಿಲ್ಲ." ಇಷ್ಟು ಸಣ್ಣ ಕಾರ್ಡಿನಲ್ಲಿ ನಮ್ಮ ಊರಿನ ಬದುಕು ಎಷ್ಟು ಬಂದಿದೆ ನೋಡಿ.

ಅಳಗುಳಿಮಣೆಯ ಪತ್ರ ಮಾತ್ರ ತಿಂಗಳುಗಟ್ಟಲೆ ನಡೆಯಿತು. ಮಳೆಗಾಲದಲ್ಲಿ ಹೊರಗೆ ಆಡಲು ಆಗುವುದಿಲ್ಲ ಅಂತ ಒಬ್ಬ ಹುಡುಗನ ಅಜ್ಜಿಯನ್ನು ಶಾಲೆಗೆ ಕರೆಸಿದ್ದೆ. ಅವರು ಹಳೇ ಮಣೆ, ಹುಣಸೆಬೀಜದ ಗಂಟು ತಂದರು. ಆ ಕಡೆ ಏಳು ಗುಳಿ, ಈ ಕಡೆ ಏಳು. ಒಂದೊಂದರಲ್ಲಿ ನಾಲ್ಕು ಬೀಜ. "ಒಟ್ಟು ಎಷ್ಟು ಬೀಜ ಬೇಕು ಹೇಳ್ರೋ ಮಕ್ಳಾ" ಅಂದರು ಅಜ್ಜಿ. ಎರಡನೇ ಕ್ಲಾಸಿನವರು ಒಂದೊಂದೇ ಎಣಿಸಿದರು, ಐದನೇ ಕ್ಲಾಸಿನವರು 14ನ್ನು ನಾಲ್ಕರಿಂದ ಗುಣಿಸಿ 56 ಅಂದರು. ಇದನ್ನು ಬರೆದು ಕಳಿಸಿದ್ದಕ್ಕೆ ಅರಸೀಕೆರೆಯಿಂದ ಉತ್ತರ ಬಂತು: "ನಮ್ಮಲ್ಲಿ ಐದು ಹಾಕ್ತೀವಿ. ನಿಮ್ಮದು ತಪ್ಪು." ನಮ್ಮವರಿಗೆ ಸಿಟ್ಟು ಬಂತು. ಅಜ್ಜಿ ಹೇಳಿದ ನಿಯಮ ಎಲ್ಲ ಬರೆದರು. ಬೀಜ ಯಾವ ಕಡೆಗೆ ಬಿಡಬೇಕು, ಖಾಲಿ ಗುಳಿ ಸಿಕ್ಕರೆ ಏನು ಮಾಡಬೇಕು, ಆಟ ಯಾವಾಗ ಮುಗಿಯುತ್ತದೆ, ಎಲ್ಲವನ್ನೂ ಹಂತ ಹಂತವಾಗಿ. ಒಂದು ಕಾರ್ಡು ಸಾಲದೆ ಮೂರು ಕಾರ್ಡಿಗೆ ನಂಬರ್ ಹಾಕಿ ಬರೆದರು. ಪ್ರಬಂಧ ಬರೆಯಿರಿ ಅಂದರೆ ಐದು ವಾಕ್ಯಕ್ಕೆ ನಿಲ್ಲಿಸುವ ಮಕ್ಕಳು ಇವರು. ಎದುರಿಗೆ ಓದುವವರು ಇದ್ದಾರೆ, ಅವರು ಒಪ್ಪುತ್ತಿಲ್ಲ ಅಂತ ಗೊತ್ತಾದರೆ ಬರವಣಿಗೆ ತಾನಾಗಿ ಉದ್ದವಾಗುತ್ತದೆ. ಕೊನೆಗೆ ಎರಡೂ ಕಡೆಯವರು ಎರಡೂ ಲೆಕ್ಕದಲ್ಲಿ ಆಡಿ ನೋಡಿದರು.

ತಪ್ಪು ತಿದ್ದುವುದರ ಬಗ್ಗೆ ಒಂದು ಮಾತು. ಓದುವವರಿಗೆ ಅರ್ಥವಾಗದಂಥ ತಪ್ಪು ಇದ್ದರೆ ಮಾತ್ರ ಕೇಳುತ್ತೇನೆ: "ಇದನ್ನ ಅವರು ಓದಿದ್ರೆ ಗೊತ್ತಾಗುತ್ತಾ?" ಅಂತ. ಆಗ ಮಗುವೇ ಒತ್ತಕ್ಷರ ಸರಿ ಮಾಡುತ್ತದೆ. ಕೆಂಪು ಪೆನ್ನು ಕಾರ್ಡಿನ ಹತ್ತಿರ ಬರುವುದಿಲ್ಲ.

ಬಿಡುವಿನಲ್ಲಿ ಏನು ಮಾಡುತ್ತೀರಿ ಅಂತ ಕೇಳುವಾಗ ಜಾಗ್ರತೆಯೂ ಬೇಕು. ಎಲ್ಲ ಮಕ್ಕಳಿಗೂ ಬಿಡುವು ಇರುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಕಾಫಿ ಕೊಯ್ಲು. ಅಪ್ಪ-ಅಮ್ಮ ಇಬ್ಬರೂ ತೋಟದಲ್ಲಿರುತ್ತಾರೆ, ಮನೆಯಲ್ಲಿ ಪಾಪುವನ್ನು ನೋಡಿಕೊಳ್ಳುವುದು ಅಕ್ಕನ ಕೆಲಸ. ಅಂಥ ಒಬ್ಬ ಹುಡುಗಿ "ನಾನು ಆಟ ಆಡಲ್ಲ ಮಿಸ್" ಅಂದಳು. ಅವಳನ್ನು ಬಲವಂತ ಮಾಡಲಿಲ್ಲ. ಪಾಪು ಅತ್ತರೆ ಏನು ಮಾಡ್ತೀಯ ಅಂತ ಕೇಳಿದೆ. ಸೌಟು ಬಡಿದು ಹಾಡು ಹೇಳ್ತೀನಿ, ಬೆರಳು ಮಡಿಸಿ ಆಟ ಆಡಿಸ್ತೀನಿ ಅಂದಳು. ಅದನ್ನೇ ಬರೆದಳು, ಅದು ಒಳ್ಳೆಯ ಪತ್ರವಾಯಿತು. ಹಾಗೆಯೇ "ಮೊಬೈಲ್ ನೋಡ್ತೀನಿ" ಅಂದ ಮಗುವಿಗೆ ಬೈಯುವುದಿಲ್ಲ. ಬೈದರೆ ನಾಳೆಯಿಂದ ಎಲ್ಲರೂ "ಪುಸ್ತಕ ಓದುವುದು" ಅನ್ನುತ್ತಾರೆ. ಏನು ನೋಡಿದೆ, ಅದರಲ್ಲಿ ಏನಾಯಿತು ಅಂತ ಕೇಳಿದರೆ ಅದೂ ಒಂದು ಕಥೆಯೇ.

ಇನ್ನೊಂದು ವಿಷಯದಲ್ಲಿ ನಾವಿಬ್ಬರೂ ಟೀಚರುಗಳು ಗಟ್ಟಿಯಾಗಿದ್ದೇವೆ. ಕಾರ್ಡು ತೆರೆದ ಪತ್ರ, ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಅದಕ್ಕೆ ಮಗುವಿನ ಹೆಸರು ಮತ್ತು ಶಾಲೆಯ ವಿಳಾಸ ಮಾತ್ರ ಇರುತ್ತದೆ. ಮನೆಯ ವಿಳಾಸ, ಫೋನ್ ನಂಬರ್ ಬರೆಸುವುದಿಲ್ಲ. ಮಕ್ಕಳ ಫೋಟೋ ಸ್ಟೇಟಸ್‌ಗೆ ಹಾಕುವುದಿಲ್ಲ. ಮನೆಯ ಜಗಳ, ಸಾಲದ ಮಾತು ಬರಹದಲ್ಲಿ ಬಂದರೆ ಮಗುವಿನ ಜೊತೆ ಕೂತು ಮಾತಾಡುತ್ತೇನೆ, ಅದು ಕಾರ್ಡಿಗೆ ಹೋಗುವುದಿಲ್ಲ.

ನಿಮ್ಮ ಶಾಲೆಯಲ್ಲಿ ಮಾಡುವುದಾದರೆ ಜೂನ್‌ನಲ್ಲಿ ಮಾತಿನಿಂದ ಶುರು ಮಾಡಿ. ಮಲೆನಾಡಿನವರಾದರೆ ಜುಲೈಯಲ್ಲಿ ಮಳೆ ರಜೆ ಬರುತ್ತಲೇ ಇರುತ್ತದೆ, ಆಗ ಚಿತ್ರ, ಒಳಾಂಗಣ ಆಟ ಇಟ್ಟುಕೊಳ್ಳಿ. ಆಗಸ್ಟ್‌ನಲ್ಲಿ ಮೊದಲ ಕಾರ್ಡು ಕಳಿಸಿದರೆ ದಸರಾ ರಜೆಗೆ ಮೊದಲು ಒಂದು ಸುತ್ತು ಉತ್ತರ ಬರುತ್ತದೆ. ಕಾರ್ಡುಗಳನ್ನು ತಾಲ್ಲೂಕು ಕೇಂದ್ರದ ಅಂಚೆ ಕಚೇರಿಯಿಂದ ಒಟ್ಟಿಗೆ ತಂದಿಡಿ. ಜೊತೆ ಶಾಲೆಯನ್ನು ಹುಡುಕುವಾಗ ನಿಮ್ಮ ಊರಿನಂಥದ್ದೇ ಊರು ಬೇಡ. ಕಡೂರಿನವರು ಶೃಂಗೇರಿ ಕಡೆಗೆ, ಸಕಲೇಶಪುರದವರು ಚನ್ನರಾಯಪಟ್ಟಣದ ಕಡೆಗೆ ನೋಡಿ. ಆ ಟೀಚರಿಗೂ ನಿಮ್ಮಷ್ಟೇ ಆಸಕ್ತಿ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ. ಯಾಕೆಂದರೆ ಉತ್ತರ ತಡವಾದರೆ ಮಕ್ಕಳು ದಿನಾ ಪೋಸ್ಟ್‌ಮ್ಯಾನ್ ದಾರಿ ಕಾಯುತ್ತಾರೆ.